ಅತಿಥಿಗೆಂದು ಎತ್ತಿಟ್ಟ ತುಂಡು

"ಈ ಹೊಸ ಬಟ್ಟೆ ಬಿಚ್ಚಾಕು. ಹರಕಲು ಏನಾದ್ರೂ ಉಟ್ಕೊಂಡು ಬಾ," ಎಂದ ಬ್ಲಾಂಟೈರ್ ಪಟ್ಟಣದಿಂದ ಬಂದಿದ್ದ ಪತ್ರಿಕೆಯವನು, ಕ್ಯಾಮೆರಾ ಒರೆಸಿಕೊಳ್ಳುತ್ತ. "ಯಾರದೋ ಮದುವೆಗೆ ಹೊರಟ ಹಾಗಿದೀಯ."

ಮನೆಗೆ ಜನ ಬರುತ್ತಾರೆಂದರೆ ನಮ್ಮಲ್ಲಿ ಅಂಗಳ ಗುಡಿಸಿ, ಪೆಟ್ಟಿಗೆಯ ತಳದಲ್ಲಿರುವ ಒಳ್ಳೆಯ ಚಿತೆಂಜೆ ಬಟ್ಟೆ ತೆಗೆದು ಸೊಂಟಕ್ಕೆ ಸುತ್ತಿಕೊಳ್ಳುತ್ತೇವೆ. ನಾನೂ ಹಾಗೇ ಮಾಡಿದ್ದೆ. ಕೋಳಿಯನ್ನೂ ಕೊಯ್ದಿದ್ದೆ. ಅದೆಲ್ಲ ತಪ್ಪಾಯಿತೆಂದು ತಿಳಿದದ್ದು ಪತ್ರಿಕೆಯವನ ಜೊತೆ ಬಂದ, ಸರ್ಕಾರದ ಸಹಾಯಧನ ಹಂಚುವ ಗುಮಾಸ್ತ ಚಿಸಾಲೆಯ ಮುಖ ನೋಡಿದ ಮೇಲೆ.

"ಹರಕಲು ಇಲ್ಲ ಸ್ವಾಮಿ. ಹರ್ದಿದ್ನೆಲ್ಲ ಮಡಕೆ ಒರ್ಸಕ್ಕೆ ಆಕ್ಬುಟ್ಟೆ."

"ನಿನ್ ಬಾಯಿಗೆ ಬೆಂಕಿ ಹಾಕ," ಚಿಸಾಲೆ ಹಲ್ಲು ಕಡಿದ. "ತಿಂಗಳಾ ತಿಂಗಳಾ ದುಡ್ಡು ಬೇಕು, ಬಡವಿ ಥರ ಕೂತ್ಕೊಳ್ಳೋಕೆ ಮಾತ್ರ ಆಗಲ್ಲ! ಇವರು ಬರೆದ್ರೆ ತಾನೆ ಕೊಡೋರ ಕರುಳು ಚುರುಕ್ ಅನ್ನೋದು? ಕೆಲಸ ಕೆಡ್ಸಿದ್ರೆ ಮುಂದಿನ ತಿಂಗಳಿಂದ ನಿಂಗೆ ದುಡ್ಡಿಲ್ಲ, ನೋಡ್ಕೊ."

ಆ ದುಡ್ಡು ಉಳಿಸಿಯೇ ಹಳೆಯ ಸೈಕಲ್ ಕೊಂಡು, ಮಡಕೆಗಳನ್ನು ಅದರ ಮೇಲೆ ಬಿಗಿದು ಸಂತೆಗೆ ಒಯ್ಯುತ್ತಿದ್ದೆ. ಆ ದುಡ್ಡಿನಿಂದಲೇ ಮಗಳು ತಡಾಲ ಮತ್ತೆ ಶಾಲೆಗೆ ಹೋಗುತ್ತಿದ್ದಳು.

"ಒಲೆ ಮುಂದೆ ನೆಲದ ಮೇಲೆ ಕೂತ್ಕೊ," ಎಂದ ಪತ್ರಿಕೆಯವನು. "ಆ ಮಡಕೆ ಖಾಲಿ ಮಾಡು."

"ಅದ್ರಾಗೆ ಕೋಳಿ ಸಾರೈತೆ. ನಿಮ್ಗೇ ಮಾಡಿರೋದು."

"ಎಲ್ಲಾದ್ರೂ ಸುರಿ. ಖಾಲಿ ಮಡಕೆ ಒಳಗೆ ಇಣುಕಿ ನೋಡ್ತಾ ಇರು, ಸಾಕು."

ಕೂತೆ. ಬೇಲಿಯಾಚೆ ಪಕ್ಕದ ಮನೆಯ ಫಲೆಸಿ ನೋಡುತ್ತಿದ್ದಳು. ಹೋದ ವರ್ಷ ಇಂಥದೇ ಫೋಟೋಗಾಗಿ ಖಾಲಿ ಮಡಕೆಯೊಳಗೆ ಇಣುಕಿದವಳು ಅವಳೇ. 'ಸರ್ಕಾರದ ಕೂಳಿಗೆ ಬಾಯಿ ತೆರೆದ ಹೆಂಗಸು' ಎಂದು ಪತ್ರಿಕೆಯಲ್ಲಿ ಬಂತು. ಸರ್ಕಾರದ ದುಡ್ಡಿನಲ್ಲಿ ಅವಳು ಆಡು ತಂದು ಮಂದೆ ಬೆಳೆಸಿದ್ದು ಮಾತ್ರ ಬರಲಿಲ್ಲ. ಅಂದಿನಿಂದ ಬೋರ್‌ವೆಲ್ ಹತ್ತಿರ ಅವಳನ್ನು ಕಂಡರೆ ಎಲ್ಲರೂ 'ಬಾಯಿ ಬಂದ್ಲು' ಎಂದು ಆಡಿಕೊಳ್ಳುತ್ತಾರೆ. ಎಲ್ಲರೂ ಹೋದ ಮೇಲೆ ಅವಳು ನೀರಿಗೆ ಹೋಗುತ್ತಾಳೆ.

"ನನ್ನ ಏನಂತ ಬರೀತೀರ?"

"ಗಂಡ ಸತ್ತ ದಿಕ್ಕಿಲ್ಲದವಳು. ಸರ್ಕಾರ ಕೊಟ್ರೆ ಊಟ, ಇಲ್ಲಾಂದ್ರೆ ಉಪವಾಸ."

"ದೋರಿಕಾ ಅಂತ ಬರೀರಿ. ಮಡಕೆ ಸುಡ್ತಾಳೆ, ಕೊಟ್ಟಿದ್ ದುಡ್ನಾಗೆ ಸೈಕಲ್ ತಕಂಡ್ಳು, ಮಗ್ಳನ್ನ ಓದುಸ್ತಾವ್ಳೆ ಅಂತ ಬರೀರಿ."

ಅವನು ನಕ್ಕ. ಕೆಟ್ಟ ನಗುವೇನಲ್ಲ. "ಅಕ್ಕಾ, ಅದನ್ನ ಓದಿ ಯಾರು ಅಳ್ತಾರೆ?"

"ಅಳಕ್ಕೆ ಅಷ್ಟು ಆಸೆ ಇದ್ರೆ ಈರುಳ್ಳಿ ಹೆಚ್ಕಳಕ್ಕೇಳು!" ಬೇಲಿಯಾಚೆಯಿಂದ ಫಲೆಸಿ ಕೂಗಿದಳು. ವರ್ಷದಿಂದ ಅವಳ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಕೇಳಿರಲಿಲ್ಲ.

"ಮುಚ್ಚೇ ಬಾಯಿ, ಮುಂಡೆ!" ಚಿಸಾಲೆ ಗದರಿದ. ಮತ್ತೆ ನನ್ನ ಕಡೆ ತಿರುಗಿ, "ಸುರಿಯೇ ಅದನ್ನ."

ಮಡಕೆಯನ್ನು ಎಳೆದುಕೊಂಡೆ. ಸಾರಿನಲ್ಲಿ ಆ ತುಂಡು ಎದ್ದು ಕಾಣುತ್ತಿತ್ತು: ಕೋಳಿ ಕಾಳು ಅರೆಯುವ ಗಟ್ಟಿ ಮಾಂಸದ ಚೀಲ. ನಮ್ಮಲ್ಲಿ ಅದು ಮನೆಯ ಯಜಮಾನನದು, ಅತಿಥಿ ಬಂದರೆ ಅತಿಥಿಯದು. ಗಂಡ ಇರುವವರೆಗೆ ಅವನ ತಟ್ಟೆಗೆ ಹಾಕಿದೆ, ಆಮೇಲೆ ಮೈದುನನಿಗೆ, ಪಾದ್ರಿಗೆ. ಅದನ್ನು ಸೀಳಿ, ಒಳಗಿನ ಮರಳು ತೊಳೆದು, ಬೇಯಿಸುತ್ತಲೇ ತಲೆ ನೆರೆತಿತ್ತು. ರುಚಿ ಗೊತ್ತಿರಲಿಲ್ಲ. ಇವತ್ತು ಪತ್ರಿಕೆಯವನಿಗೆಂದು ಇಟ್ಟಿದ್ದೆ.

ಬೆರಳು ಸುಡುತ್ತಿದ್ದರೂ ಎತ್ತಿ ಬಾಯಿಗೆ ಹಾಕಿಕೊಂಡೆ.

"ಏಯ್! ಅದು ಗಂಡಸರದ್ದು ಕಣೇ!" ಚಿಸಾಲೆಯ ದನಿ ಒಡೆಯಿತು.

"ಪೋಟ ತಗೀರಿ," ಎಂದೆ, ಬಾಯಿ ತುಂಬ ಇಟ್ಟುಕೊಂಡು.

ಕ್ಯಾಮೆರಾ ಪತ್ರಿಕೆಯವನ ಎದೆಯ ಮೇಲೇ ತೂಗುತ್ತಿತ್ತು. ಚಿಸಾಲೆ ಮೋಟಾರ್ ಸೈಕಲ್ ಒದ್ದು ಚಾಲೂ ಮಾಡಿದ. "ದುಡ್ಡಿಗೆ ಅಂತ ಬಾ ನೀನು, ಆಗ ಹೇಳ್ತೀನಿ." ಪತ್ರಿಕೆಯವನು ಓಡಿಹೋಗಿ ಹಿಂದೆ ಹತ್ತಿದ.

ಬೇಲಿಯ ಸಂದಿನಿಂದ ನುಸುಳಿ ಫಲೆಸಿ ಬಂದಳು. ಕೈಯಲ್ಲಿ ತಟ್ಟೆ ಇತ್ತು. ಎದುರು ಕೂತಳು. ನಾನು ಸಾರು ಬಡಿಸಿದೆ. ನನ್ನ ಬಾಯಲ್ಲಿದ್ದ ತುಂಡು ಬಲು ಗಟ್ಟಿ, ಬೇಗ ಇಳಿಯುವಂಥದ್ದಲ್ಲ. ತಡಾಲ ಶಾಲೆಯಿಂದ ಬರುವ ದಾರಿಯನ್ನು ನೋಡುತ್ತ ಅಗಿಯುತ್ತಲೇ ಇದ್ದೆ.