ಕಡ ಹೋದ ಬ್ಯಾಟರಿ

ಹೊಂಡದಕಟ್ಟಿಯಲ್ಲಿ ಕರೆಂಟು ಹೋದರೆ ಅದು ಸುದ್ದಿಯೇ ಅಲ್ಲ, ಬಂದರೆ ಸುದ್ದಿ. ಮಳೆಯ ನಾಲ್ಕು ಹನಿ ಬಿದ್ದರೂ ಸಾಕು, ಕಿತ್ತೂರಿನ ಕಡೆಯಿಂದ ಬರುವ ತಂತಿ ಮುನಿಸಿಕೊಂಡು ಕೂಡುತ್ತದೆ. ಅದಕ್ಕೇ ಊರಿನ ಆಸ್ಪತ್ರೆಗೆ ಸರ್ಕಾರ ಒಂದು ಜನರೇಟರ್ ಕೊಟ್ಟಿತ್ತು. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಅದು ಮಾವನ ಮನೆಗೆ ಬಂದ ಅಳಿಯನ ಹಾಗೆ ಕೆಲಸವಿಲ್ಲದೆ ಕುಳಿತಿತ್ತು.

ಟೆಂಪೋ ಓಡಿಸುವ ಅಲ್ಲಾವುದ್ದೀನ ಆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸದಸ್ಯ. ಸಮಿತಿ ಎಂದರೆ ಮೂರು ತಿಂಗಳಿಗೊಮ್ಮೆ ಚಹಾ, ಗಿರಮಿಟ್ಟು, ಒಂದು ಸಹಿ. ಜನವರಿಯಲ್ಲಿ ಟೆಂಪೋದ ಬ್ಯಾಟರಿ ಕೆಟ್ಟಾಗ ಅವನು ಆಸ್ಪತ್ರೆಯ ಜವಾನ ದುರ್ಗಪ್ಪನಿಗೆ ಹೇಳಿ ಜನರೇಟರ್ ಚಾಲೂ ಮಾಡುವ ಬ್ಯಾಟರಿಯನ್ನು ಕಡ ತಂದಿದ್ದ. ನಮ್ಮ ಕಡೆ ಹೀಗೇ. ಮೊಸರಿನ ಹೆಪ್ಪಿನಿಂದ ಹಿಡಿದು ಎತ್ತಿನ ಜೋಡಿಯವರೆಗೆ ಎಲ್ಲವೂ ಕಡ ಹೋಗುತ್ತದೆ. ಕೇಳಿದವರಿಗೆ ಇಲ್ಲ ಅನ್ನುವುದು ನಾಚಿಕೆ, ಕೊಟ್ಟದ್ದನ್ನು ಹೊಳ್ಳಿ ಕೇಳುವುದು ಇನ್ನೂ ನಾಚಿಕೆ. ನಾಳೆ ಹಾಕಿಬಿಡುತ್ತೇನೆ ಅಂದಿದ್ದ ಅಲ್ಲಾವುದ್ದೀನನ ನಾಳೆಗೆ ಮೂರು ತಿಂಗಳು ತುಂಬಿದವು.

ಏಪ್ರಿಲ್ ಸಭೆಯಲ್ಲಿ ನರ್ಸ್ ರಾಜೇಶ್ವರಿ ಮೇಜಿನ ಮೇಲೆ ಒಂದು ಫಾರ್ಮ್ ಇಟ್ಟಳು.

"ಒಮ್ಮೆಲೇ ಹತ್ತು ಮಂದಿ ಗಾಯ ಆದವರು ಬಂದ್ರ ನಮ್ಮ ದವಾಖಾನಿ ತಯಾರ್ ಐತೇನು ಅಂತ ಮ್ಯಾಲಿನ ಆಫೀಸಿನವರು ಕೇಳ್ಯಾರ್ರಿ. ಎಲ್ಲಾರೂ ಏಳ್ರಿ, ಕಣ್ಣಿಲೆ ನೋಡೂಣು. ಜನರೇಟರ್ ಚಾಲೂ ಮಾಡಿ ನೋಡೂಣು. ಆಮ್ಯಾಲೆ ಬರೀತೇನಿ."

ಅಲ್ಲಾವುದ್ದೀನ ಕಿಟಕಿಯ ಕಡೆ ನೋಡಿದ. ಬ್ಯಾಟರಿ ಹೊರಗೆ ನಿಂತ ಟೆಂಪೋದಲ್ಲಿತ್ತು. ನಾಲ್ಕು ಮಂದಿಯ ಮುಂದೆ ಹೇಗೆ ಹೇಳುವುದು?

"ಯಾಕ ತ್ರಾಸ ತಗೋತೀರಿ ಸಿಸ್ಟರ್? ನಮ್ಮೂರಾಗ ಏನು ಭೂಕಂಪ ಆಗತೈತಿ? ಮುಂಜಾನೆ ನಾನ ನೋಡೇನಿ, ಎಲ್ಲಾ ಬರೋಬ್ಬರಿ ಐತಿ. ಬರಕೊಳ್ರಿ."

"ಭೂಕಂಪ ಯಾಕ ಬೇಕ್ರಿ ಕಾಕಾ. ಮಗ್ಗಲಾಗ ಹೈವೇ ಐತಿ. ಒಂದು ಗಾಡಿ ಪಲ್ಟಿ ಆದ್ರ ಸಾಕು."

"ಅಂವಾ ನೋಡೇನಿ ಅಂದಮ್ಯಾಲ ಮುಗೀತಲ್ಲವಾ" ಎಂದ ಹಿರಿಯ ಸದಸ್ಯ ನಿಜಗುಣಪ್ಪ. "ಬರಕೋ. ಚಹಾ ಆರಾಕತ್ತೈತಿ."

ದೊಡ್ಡವರ ಮಾತು ಮೀರುವುದು ಹೇಗೆ? ರಾಜೇಶ್ವರಿ 'ಜನರೇಟರ್ ಸುಸ್ಥಿತಿಯಲ್ಲಿದೆ' ಎಂದು ಬರೆದಳು. ಅಲ್ಲಾವುದ್ದೀನ ಅದರ ಕೆಳಗೆ ಸಹಿ ಮಾಡಿ ಗಿರಮಿಟ್ಟಿನ ತಟ್ಟೆ ಹತ್ತಿರಕ್ಕೆ ಎಳೆದುಕೊಂಡ.

ಹನ್ನೆರಡು ದಿನ ಕಳೆದಿದ್ದವು. ಮಧ್ಯಾಹ್ನ ಬಿರುಗಾಳಿಯ ಸಂಗಡ ಮಳೆ ಬಂತು, ಕರೆಂಟು ಹೋಯಿತು. ಅದೇ ಹೊತ್ತಿಗೆ ಹೆದ್ದಾರಿಯಲ್ಲಿ ಕಿತ್ತೂರಿನಿಂದ ಹೊರಟಿದ್ದ ಕ್ರೂಸರ್ ಗಾಡಿ ಜಾರಿ ಲಾರಿಗೆ ಬಡಿಯಿತು. ಒಂಬತ್ತು ಮಂದಿ ಒಟ್ಟಿಗೆ ಆಸ್ಪತ್ರೆಗೆ ಬಂದರು. ಅಲ್ಲಾವುದ್ದೀನ ಆಗ ಮುರಗೋಡದಲ್ಲಿ ಉಳ್ಳಾಗಡ್ಡಿ ಚೀಲ ಇಳಿಸುತ್ತಿದ್ದ. ನಿಜಗುಣಪ್ಪನ ಫೋನು ಬಂತು.

"ಲಗೂನ ಬಾರಪಾ. ನಿಮ್ಮ ಮಗಳು ಜನ್ನತ ಆ ಗಾಡ್ಯಾಗ ಇದ್ದಳು, ಕಾಲೇಜಿಂದ ಬರತಿದ್ದಳಂತ. ಉಸಿರು ಐತಿ. ಗಂಟಲಾಗ ರಕ್ತ ತುಂಬೇತಿ, ಅದನ್ನ ತೆಗಿಯೋ ಮಷೀನಿಗೆ ಕರೆಂಟ್ ಇಲ್ಲ. ಜನರೇಟರ್ ನೋಡಿದ್ರ ಅದರಾಗ ಬ್ಯಾಟರಿನ ಇಲ್ಲಪಾ."

ಅಲ್ಲಾವುದ್ದೀನ ಚೀಲಗಳನ್ನು ಅಲ್ಲೇ ಬಿಟ್ಟು ಗಾಡಿ ಹತ್ತಿದ. ಟೆಂಪೋ ಒಂದೇ ಕೀಲಿಗೆ ಚಾಲೂ ಆಯಿತು. ಮೂರು ತಿಂಗಳಿಂದ ಅವನು ಅದನ್ನೇ ಹೊಗಳಿಕೊಂಡು ಓಡಾಡಿದ್ದ.

ಒಂದು ತಾಸಿನ ದಾರಿ. ಅಲ್ಲಾ, ಅಲ್ಲಾ ಎನ್ನುತ್ತಲೇ ಬಂದ. ಆಸ್ಪತ್ರೆಯ ಹಿತ್ತಲಿಗೆ ಗಾಡಿ ನುಗ್ಗಿಸಿ, ನಟ್ಟು ಬಿಚ್ಚಿ, ಬ್ಯಾಟರಿಯನ್ನು ಎದೆಗವಚಿಕೊಂಡು ಶೆಡ್ಡಿಗೆ ಓಡಿದ. ಜನರೇಟರ್ ಗುಡುಗಿತು, ಆಸ್ಪತ್ರೆಯ ತುಂಬ ಬೆಳಕಾಯಿತು. ಅವನು ಒಳಗೆ ಬಂದಾಗ ರಕ್ತ ತೆಗೆಯುವ ಯಂತ್ರವೂ ಓಡುತ್ತಿತ್ತು. ರಾಜೇಶ್ವರಿ ಜನ್ನತಳ ಮಂಚದ ಪಕ್ಕ ನಿಂತಿದ್ದಳು, ಅವಳ ಕೈಯಲ್ಲಿ ರಕ್ತದ ಬಟ್ಟೆ ಇತ್ತು.

"ಕಾಕಾ, ಬಟ್ಟಿಲೆ ಒರಸಿ ಒರಸಿ ತೆಗದ್ನಿ. ಆಗಲಿಲ್ರಿ. ಜೀವ ಹೋಗಿ ಹತ್ತು ನಿಮಿಷ ಆತು."

ಅವನ ಕೈಗಂಟಿದ್ದ ಬ್ಯಾಟರಿಯ ಮಸಿ ಅವಳಿಗೆ ಕಂಡಿತು. ಅವಳು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು.

ಮಗಳ ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ ಅವನು ಹೆಂಡತಿ ಮುಮ್ತಾಜಳಿಗೆ ಎಲ್ಲ ಹೇಳಿದ. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಜನ್ನತಳ ಪುಸ್ತಕಗಳ ಮೇಲಿನ ಧೂಳು ಒರೆಸುತ್ತಲೇ ಕೇಳಿದಳು.

"ಮುಂದಿನ ಮೀಟಿಂಗ್ ಯಾವಾಗ ಐತ್ರಿ?"

"ಜುಲೈದಾಗ."

"ನಾನೂ ಬರತೇನಿ."

ಜುಲೈ ಸಭೆಗೆ ಚಹಾ ಬಂತು, ಅದೇ ಫಾರ್ಮೂ ಬಂತು. ಅಲ್ಲಾವುದ್ದೀನ ಎದ್ದು ನಿಂತ. "ಬ್ಯಾಟರಿ ಒಯ್ದಂವಾ ನಾನು. ಸುಳ್ಳು ಬರಸಿದಂವನೂ ನಾನು" ಎಂದ. ದುರ್ಗಪ್ಪ ತಲೆ ಮೇಲೆತ್ತಲಿಲ್ಲ. "ನೋಡಲಾರದ ಬರದಾಕಿ ನಾನು" ಎಂದಳು ರಾಜೇಶ್ವರಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಮಾತು ನಿಜಗುಣಪ್ಪನ ಬಾಯಿಗೆ ಬಂದು ಅಲ್ಲೇ ನಿಂತಿತು, ಆ ಬಾಗಿಲು ತೆರೆದಿಟ್ಟವರಲ್ಲಿ ತಾನೂ ಒಬ್ಬ ಎಂದು ಅವನಿಗೆ ಗೊತ್ತಿತ್ತು.

"ಚಹಾ ಆಮ್ಯಾಲೆ ಕುಡೀರಿ" ಎಂದಳು ಮುಮ್ತಾಜ. "ಮೊದಲ ಚಾಲೂ ಮಾಡಿ ತೋರಸ್ರಿ."

ಎಲ್ಲರೂ ಅವಳ ಹಿಂದೆ ಹಿತ್ತಲಿಗೆ ಹೋದರು. ಅಲ್ಲಾವುದ್ದೀನ ಕೀಲಿ ತಿರುವಿದ, ಜನರೇಟರ್ ಓಡಿತು. ದುರ್ಗಪ್ಪ ಡೀಸೆಲ್ ಅಳೆದ. ರಾಜೇಶ್ವರಿ ರಕ್ತ ತೆಗೆಯುವ ಯಂತ್ರ ಹಚ್ಚಿ ನೋಡಿ ಬಂದು ಬರೆದುಕೊಂಡಳು. ಎಲ್ಲ ಸೇರಿ ಹತ್ತು ನಿಮಿಷವೂ ಹಿಡಿಯಲಿಲ್ಲ. ಮುಮ್ತಾಜ ಶೆಡ್ಡಿನ ಬಾಗಿಲು ಹಿಡಿದು ಆ ಸದ್ದು ಕೇಳುತ್ತ ನಿಂತಳು. ಆಮೇಲೆ ಗಂಡನ ಮುಖ ನೋಡಿದಳು.

"ಇಷ್ಟೇ ಇತ್ತೇನ್ರಿ ಕೆಲಸ?"

ಅಲ್ಲಾವುದ್ದೀನ ಕೀಲಿ ತಿರುವಿ ಜನರೇಟರ್ ನಿಲ್ಲಿಸಿದ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಆಸ್ಪತ್ರೆಯ ಜನರೇಟರ್ ಕೊನೆಯ ಸಲ ಓಡಿದ್ದು ಯಾವಾಗ? ಹತ್ತು ಮಂದಿ ಗಾಯಾಳುಗಳು ಒಮ್ಮೆಲೇ ಬಂದರೆ ಯಾರು ಎಲ್ಲಿ ನಿಲ್ಲಬೇಕು, ಯಾರಿಗೆ ಫೋನು ಮಾಡಬೇಕು ಎಂದು ಅಲ್ಲಿಯವರಿಗೆ ಗೊತ್ತೇ? ಹೋಗಿ ಕೇಳಿ. ಐತಿ ಅಂದರೆ ನಂಬಿ ಹಾಗೇ ಹೊಳ್ಳಿ ಬರಬೇಡಿ, ಓಡಿಸಿ ತೋರಿಸಲು ಹೇಳಿ. ಆಸ್ಪತ್ರೆಯ ವಸ್ತು ನಿಮ್ಮ ಮನೆಯಲ್ಲಿದ್ದರೆ ನಾಳೆ ಅನ್ನದೆ ಈಗಲೇ ಎದ್ದು ಕೊಟ್ಟು ಬನ್ನಿ. ಅದರ ದಾರಿ ಕಾಯುತ್ತ ಮಂಚದ ಮೇಲೆ ಮಲಗುವವರು ನಿಮ್ಮ ಮನೆಯವರೇ ಆಗಿರಬಹುದು.