ಹೊಲಿಗೆ ಕೋಣೆಯಿಂದ ಒಂಬತ್ತು ಗಂಟೆ

ನನ್ನ ಗಂಡ ಮೂವತ್ತೊಂದು ವರ್ಷ ಲಿಫ್ಟ್ ನಡೆಸಿದವರು. ಹನ್ನೊಂದು ಮಹಡಿಯ ಕಚೇರಿ ಕಟ್ಟಡ. ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತರೆ ಸಂಜೆ ಆರಕ್ಕೆ ಹೊರಗೆ. ಅಷ್ಟು ವರ್ಷದಲ್ಲಿ ಒಂದೇ ಒಂದು ದಿನವೂ ಆ ಕಟ್ಟಡದ ತಾರಸಿ ಹತ್ತಿದವರಲ್ಲ. ಎತ್ತರವೆಂದರೆ ಇವರಿಗೆ ಜೀವ ಬಾಯಿಗೆ ಬರುತ್ತದೆ. ಮನೆಯಲ್ಲಿ ಬಲ್ಬ್ ಹೋದರೆ ಕುರ್ಚಿ ಹತ್ತುವವಳು ನಾನು. ಇವರು ಕೆಳಗೆ ನಿಂತು ಕುರ್ಚಿ ಹಿಡಿದುಕೊಂಡು ಕಣ್ಣು ಮುಚ್ಚಿಕೊಳ್ಳುತ್ತಾರೆ.

ಇಂಥ ಮನುಷ್ಯ ನಿವೃತ್ತರಾದ ಮೇಲೆ ಪೈಲಟ್ ಆದರು.

ಆದದ್ದು ನನ್ನ ಹೊಲಿಗೆ ಕೋಣೆಯಲ್ಲಿ. ಬಟ್ಟೆ ಕತ್ತರಿಸುವ ನನ್ನ ಮೇಜಿನ ಮುಕ್ಕಾಲು ಭಾಗವನ್ನು ಮೂರು ಕಂಪ್ಯೂಟರ್ ಪರದೆಗಳು ನುಂಗಿದವು. ಉಳಿದ ಕಾಲು ಭಾಗಕ್ಕೆ ವಿಮಾನದ ಸ್ಟಿಯರಿಂಗ್ ಬಿಗಿದರು. ಕೂರಲು, ಬಾಗಿಲು ಹಾಕಿದ ಯಾವುದೋ ಕ್ಷೌರದಂಗಡಿಯಿಂದ ಕುರ್ಚಿ ತಂದರು. ಕಾಲಲ್ಲಿ ಒತ್ತಿದರೆ ಮೇಲೇಳುವ ಕುರ್ಚಿ ಅದು. ಇವರು ಅದನ್ನು ತೀರಾ ಕೆಳಗೆ ಇಳಿಸಿಕೊಂಡು, ಮೂವತ್ತೈದು ಸಾವಿರ ಅಡಿಯಲ್ಲಿ ಹಾರುತ್ತಾರೆ. ನಾನು ನೆಲದ ಮೇಲೆ ಬಟ್ಟೆ ಹರಡಿಕೊಂಡು ಕತ್ತರಿಸುತ್ತೇನೆ.

ಆಟವಾಡುವವರು ಆಟವಾಡಲಿ, ನನಗೇನು? ಆದರೆ ಇವರದು ಆಟವಲ್ಲವಂತೆ. ಒಂಬತ್ತು ಗಂಟೆಯ ದಾರಿಯಾದರೆ ಒಂಬತ್ತು ಗಂಟೆಯೂ ಕೂರಬೇಕು. ಮಧ್ಯೆ ನಿಲ್ಲಿಸುವ ಹಾಗಿಲ್ಲ. ಹೊರಗೆ ನಿಜವಾಗಿ ಎಂಥ ಗಾಳಿಮಳೆ ಇದೆಯೋ ಇಂಟರ್‌ನೆಟ್‌ನಿಂದ ಅದೇ ಇವರ ಪರದೆಗೂ ಬರಬೇಕು. ಹೊರಡುವ ಮೊದಲು ಇವರು "ಬಾಗಿಲು?" ಎಂದು ಕೂಗಬೇಕು, ನಾನು ಎಲ್ಲಿದ್ದರೂ "ಹಾಕಿದೆ!" ಎಂದು ಕೂಗಬೇಕು. ಒಂದು ಸಲ ನಾನು ಗುಂಡಿ ತರಲು ಅಂಗಡಿಗೆ ಹೋಗಿದ್ದೆ. ಇನ್ನೂರ ಎಂಬತ್ತು ಪ್ರಯಾಣಿಕರನ್ನು ಕೂರಿಸಿಕೊಂಡು ಇವರು ಮುಕ್ಕಾಲು ಗಂಟೆ ಕಾದರಂತೆ. ಬಂದವಳಿಗೆ ಮಂಗಳಾರತಿ. ಇನ್ನು ಬಾತ್‌ರೂಮಿಗೆ ಹೋಗಬೇಕಾದರೆ ಕ್ಯಾಪ್ಟನ್ ಕುರ್ಚಿ ಖಾಲಿ ಬಿಡುವಂತಿಲ್ಲ, ಅಷ್ಟು ಹೊತ್ತು ನಾನು ಕೂರಬೇಕು. ಹಾಗೆ ಕೂತು ಎಷ್ಟೋ ಮಹಾಸಾಗರಗಳ ಮೇಲೆ ಎಷ್ಟೋ ಪ್ಯಾಂಟುಗಳ ಅಂಚು ಮಡಚಿ ಹೊಲಿದಿದ್ದೇನೆ.

ಹೀಗಿರುವಾಗ ಅಕ್ಕನ ಫೋನ್ ಬಂತು. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನನ್ನನ್ನು ಎತ್ತಿ ಆಡಿಸಿ ಸಾಕಿದವಳು ಅವಳೇ. ಈಗ ಮಗನ ಜೊತೆ ಇರುವುದು ಒಂಬತ್ತು ಗಂಟೆ ವಿಮಾನದ ದೂರದಲ್ಲಿ. ನಾವು ಮುಖ ನೋಡಿಕೊಂಡು ಹನ್ನೆರಡು ವರ್ಷವಾಗಿತ್ತು.

"ಕಣ್ಣಿನ ಆಪರೇಷನ್ ಕಣೇ. ಡಾಕ್ಟ್ರು ಅರ್ಧಕ್ಕರ್ಧ ಅಂದಿದಾರೆ. ಬಂದ್ರೆ ಬಂತು, ಇಲ್ಲಾಂದ್ರೆ ಇರೋ ಮಬ್ಬೂ ಹೋಯ್ತು. ಅಷ್ಟರೊಳಗೆ ಬಂದು ಒಂದ್ಸಲ ಮುಖ ತೋರ್ಸು. ಆಮೇಲೆ ನೀನು ಬಂದ್ರೂ ಒಂದೇ, ಪಕ್ಕದ್ಮನೆಯವಳು ಬಂದ್ರೂ ಒಂದೇ."

"ದಿನಾ ಫೋನಲ್ಲಿ ನೋಡ್ತೀಯಲ್ಲಕ್ಕ."

"ಫೋನಲ್ಲಿ ನೀನು ತೋರ್ಸೋದು ಬರೀ ಕಿವಿ. ನಿನ್ನ ಕಿವಿ ನೋಡಿ ಸಾಕಾಗಿದೆ ನಂಗೆ."

ಇಬ್ಬರೂ ನಕ್ಕೆವು. ಫೋನ್ ಇಟ್ಟವಳು ಹೊಲಿಗೆ ಮೆಷಿನ್ ಮೇಲೆ ತಲೆಯಿಟ್ಟು ಅತ್ತೆ.

ಅಕ್ಕನ ಮಗ ಇಬ್ಬರಿಗೂ ಟಿಕೆಟ್ ಮಾಡಿಸುತ್ತೇನೆಂದ. ಇವರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

"ನಿಮ್ಮಕ್ಕನ ಊರಿಗೆ ನಾನು ಹದಿನಾಲ್ಕು ಸಲ ಹೋಗಿಬಂದಿದ್ದೀನಿ."

"ಹೋದವ್ರು ಒಂದ್ಸಲನಾದ್ರೂ ಅವಳನ್ನ ಮಾತಾಡಿಸಿಕೊಂಡು ಬಂದ್ರಾ?"

"ವಿಮಾನ ನಿಲ್ದಾಣ ಬಿಟ್ಟು ಹೊರಗೆ ಹೋಗೋಕೆ ಅದರಲ್ಲಿ ಆಗಲ್ಲ."

ಮೂರು ದಿನ ಜಗಳವಾಡಿದೆ. ನಾಲ್ಕನೆಯ ದಿನ ಇವರು ತಲೆ ತಗ್ಗಿಸಿ, "ಭಯ ಆಗತ್ತೆ ಕಣೇ. ಅದಕ್ಕೇನ್ಮಾಡ್ಲಿ?" ಎಂದರು. ನನಗೂ ಅದು ಮೊದಲ ವಿಮಾನ, ನನಗೂ ಭಯವಿತ್ತು. ನನ್ನನ್ನು ಯಾರೂ ಕೇಳಲಿಲ್ಲ. "ನೀನು ಹೋಗು. ಅದೇ ದಿನ, ಅದೇ ಹೊತ್ತಿಗೆ ನಾನೂ ಇಲ್ಲಿಂದ ಹೊರಡ್ತೀನಿ. ಪಕ್ಕದಲ್ಲೇ ಇರ್ತೀನಿ," ಎಂದು ಬೇರೆ ಸಮಾಧಾನ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ಆಸ್ಪತ್ರೆಯವರು ತಾರೀಖನ್ನು ಮುಂಚೆಗೆ ತಂದರು. ನಾನು ಇಳಿಯುವ ದಿನವೇ ಸಂಜೆ ಆರು ಗಂಟೆಗೆ ಅಕ್ಕ ಹೋಗಿ ಸೇರಬೇಕು, ಸೇರಿದ ಕೂಡಲೇ ಔಷಧ ಹಾಕಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ. ನನ್ನ ವಿಮಾನ ಅಲ್ಲಿನ ಗಡಿಯಾರದಲ್ಲಿ ಮಧ್ಯಾಹ್ನ ಎರಡಕ್ಕೆ ಇಳಿಯುತ್ತದೆ. ನಾಲ್ಕು ಗಂಟೆ ಸಿಗುತ್ತದಲ್ಲ, ಧಾರಾಳವಾಯಿತು ಎಂದುಕೊಂಡೆ.

ಹೊರಡುವ ಬೆಳಿಗ್ಗೆ ಟ್ಯಾಕ್ಸಿಯವರೆಗೂ ಇವರು ಬರಲಿಲ್ಲ. ಇವರಿಗೂ ಎಂಟು ಗಂಟೆಗೆ ವಿಮಾನವಿತ್ತಲ್ಲ, ತಯಾರಿ ಬೇಡವೇ? ಕುರ್ಚಿಯಿಂದಲೇ ಕೈ ಬೀಸಿದರು. ನಾನು ತಿರುಗಿ ನೋಡದೆ ಹೊರಟೆ.

ವಿಮಾನದಲ್ಲಿ ನನ್ನ ಎಡಕ್ಕೆ ಕಿಟಕಿಯ ಸೀಟಿನಲ್ಲಿ ಒಬ್ಬ ಹಲ್ಲಿನ ಡಾಕ್ಟರು. ಬೆಳಗಾದರೆ ಜನರನ್ನು ಕುರ್ಚಿಯಲ್ಲಿ ಒರಗಿಸಿ ಹೆದರಿಸುವ ಮನುಷ್ಯ, ಈಗ ತಾವೇ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಬೆವರುತ್ತಿದ್ದರು. ಅಷ್ಟರಲ್ಲಿ ಮೈಕಿನಲ್ಲಿ ಪೈಲಟ್ಟಿನ ದನಿ ಏನೋ ಬಾಗಿಲಿನ ಮಾತೆತ್ತಿತು.

"ಹಾಕಿದೆ!" ಎಂದು ಕೂಗಿಬಿಟ್ಟೆ.

ಹಿಂದಿನ ಮುಂದಿನ ಹತ್ತು ಸಾಲಿನ ತಲೆಗಳು ತಿರುಗಿದವು. ಗಗನಸಖಿ ಓಡಿಬಂದಳು.

"ಏನಾಯ್ತು ಮೇಡಂ?"

"ಏನಿಲ್ಲಮ್ಮ, ಅಭ್ಯಾಸ."

ವಿಮಾನ ಏರಿತು. ಕೆಳಗಿನಿಂದ ದಡಕ್ ಎಂದು ಸದ್ದಾದಾಗ ಡಾಕ್ಟರು ನನ್ನ ಮೊಣಕೈ ಹಿಡಿದರು. "ಚಕ್ರ ಒಳಗೆ ಹೋಯ್ತು, ಅಷ್ಟೇ," ಎಂದೆ. ಸ್ವಲ್ಪ ಹೊತ್ತಿಗೆ ಇಂಜಿನ್ನಿನ ದನಿ ಇಳಿಯಿತು. "ಈಗ ಹೀಗೇ ಸ್ವಲ್ಪ ತಗ್ಗತ್ತೆ, ಗಾಬರಿಯಾಗ್ಬೇಡಿ," ಎಂದೆ. ನನಗೇ ಆಶ್ಚರ್ಯ. ನಾಲ್ಕು ವರ್ಷ ನೆಲದ ಮೇಲೆ ಕೂತು ಬಟ್ಟೆ ಕತ್ತರಿಸುತ್ತಾ ಬೈದುಕೊಂಡು ಕೇಳಿದ್ದೆಲ್ಲ ತಲೆಗೆ ಹತ್ತಿತ್ತು, ಮತ್ತು ನನಗೆ ಕಿಂಚಿತ್ತೂ ಭಯವಾಗುತ್ತಿರಲಿಲ್ಲ.

"ಇದೆಲ್ಲ ನಿಮಗೆ ಹೇಗೆ ಗೊತ್ತು?"

"ನಮ್ಮೆಜಮಾನ್ರು ವಿಮಾನ ಓಡಿಸ್ತಾರೆ."

"ಹೌದಾ! ಯಾವ ಕಂಪನಿ?"

"ಸ್ವಂತದ್ದು."

ಡಾಕ್ಟರು ನನ್ನ ಸವೆದ ಚಪ್ಪಲಿ ನೋಡಿದರು, ನಾನೇ ಹೊಲಿದ ಬಟ್ಟೆಯ ಚೀಲ ನೋಡಿದರು. ನಿಜವಾದ ಶ್ರೀಮಂತರು ಹೀಗೇ ಸರಳವಾಗಿರುತ್ತಾರೆ ಎಂದು ತೀರ್ಮಾನಿಸಿದರೋ ಏನೋ, ಅಲ್ಲಿಂದ ಮುಂದೆ ಮಾತಿನಲ್ಲಿ ತುಂಬ ಮರ್ಯಾದೆ ಬಂತು.

ಇನ್ನೇನು ಇಳಿಯಬೇಕು, ಆಗ ವಿಮಾನ ಸುತ್ತು ಹೊಡೆಯತೊಡಗಿತು. ಒಂದು ಸುತ್ತು, ಎರಡು ಸುತ್ತು. ಕೆಳಗೆ ಅಡ್ಡಗಾಳಿ ಜೋರಾಗಿದೆ, ಪಕ್ಕದ ಊರಿನಲ್ಲಿ ಇಳಿದು ಕಾಯೋಣ ಎಂದು ಪೈಲಟ್ ಹೇಳಿದರು. ಎಷ್ಟು ಹೊತ್ತು ಎಂದು ಹೇಳಲಿಲ್ಲ. ಆ ಊರಿನಲ್ಲಿ ಇಳಿದಾಗ ಎರಡೂ ಮುಕ್ಕಾಲು. ನಮ್ಮನ್ನು ಕೆಳಗೂ ಬಿಡಲಿಲ್ಲ. ಆರು ಗಂಟೆ, ಆರು ಗಂಟೆ ಎಂದು ನನ್ನ ಎದೆ ಹೊಡೆದುಕೊಳ್ಳತೊಡಗಿತು. ಗಗನಸಖಿಯನ್ನು ಕೇಳಿದರೆ "ಗೊತ್ತಿಲ್ಲ ಮೇಡಂ." ಡಾಕ್ಟರೋ ನನ್ನನ್ನೇ ಕೇಳುತ್ತಿದ್ದರು.

ಕೊನೆಗೆ ಮನೆಗೆ ಫೋನ್ ಹಚ್ಚಿದೆ.

"ಗೊತ್ತಾಯ್ತು ಕಣೇ, ಆ ಗಾಳಿ ನಂಗೂ ಹೊಡೀತು," ಎಂದರು. "ನಾನೂ ನೀನಿರೋ ಊರಿಗೇ ಬರ್ತಿದ್ದೀನಿ. ಇನ್ನು ಹನ್ನೆರಡು ನಿಮಿಷ."

"ನಿಮಗೆಂಥ ಗಾಳಿ ರೀ? ಫ್ಯಾನ್ ಆರಿಸಿ ಅಕ್ಕನ ಊರಲ್ಲೇ ಇಳ್ಕೊಳ್ಳಿ!"

"ನೀನಿಲ್ದೆ ಅಲ್ಲಿ ಇಳಿದು ನಾನೇನ್ಮಾಡ್ಲಿ?"

ಬೈಯುವುದನ್ನು ಬಿಟ್ಟು ಹನ್ನೆರಡು ನಿಮಿಷ ಫೋನನ್ನು ಕಿವಿಗೆ ಒತ್ತಿಕೊಂಡೇ ಕೂತೆ. ಆಮೇಲೆ ಇವರು, "ಇಳಿದೆ. ನಿನ್ನ ಎಡಗಡೆ ಬಂದು ನಿಂತಿದ್ದೀನಿ, ನೋಡು," ಎಂದರು. ಡಾಕ್ಟರ ಮೇಲಿನಿಂದ ಬಗ್ಗಿ ಕಿಟಕಿಯಾಚೆ ನೋಡಿದೆ. ಖಾಲಿ ಸಿಮೆಂಟ್ ನೆಲ. ಯಾರೋ ಒಬ್ಬ ದಪ್ಪ ಪೈಪೊಂದನ್ನು ಎಳೆದುಕೊಂಡು ಹೋಗುತ್ತಿದ್ದ.

"ಕಾಣಿಸ್ತಾ?"

"ಕಾಣಿಸ್ತು," ಎಂದೆ.

"ಮೂರೂ ಮುಕ್ಕಾಲಿಗೆ ಗಾಳಿ ದಿಕ್ಕು ಬದಲಾಗತ್ತೆ. ಆಮೇಲೆ ಬಿಡ್ತಾರೆ. ನೀನು ಐದೂಕಾಲಿಗೆ ನಿಮ್ಮಕ್ಕನ ಮನೇಲಿರ್ತೀಯ." ಆಮೇಲೆ ದನಿ ಸಣ್ಣದಾಯಿತು. "ಬೆಳಿಗ್ಗೆಯಿಂದ ಎದ್ದಿಲ್ಲ ಕಣೇ. ಇಲ್ಲಿ ಕೂರೋಕೆ ಯಾರಿದಾರೆ?"

"ಅಯ್ಯೋ ರಾಮ! ಫೋನು ಕುರ್ಚಿ ಮೇಲಿಟ್ಟು ಹೋಗಿಬನ್ನಿ. ನಾನು ನೋಡ್ಕೋತೀನಿ."

ಅತ್ತ ಕುರ್ಚಿ ಕಿರ್ ಎಂದಿತು, ಚಪ್ಪಲಿ ಸದ್ದು ದೂರವಾಯಿತು. ಡಾಕ್ಟರು ಕುತ್ತಿಗೆ ಚಾಚಿದರು. "ಯಜಮಾನ್ರಾ? ಏನಂತೆ?"

"ಅವ್ರು ಬಾತ್‌ರೂಮಿಗೆ ಹೋಗಿದಾರೆ," ಎಂದೆ. "ಅಲ್ಲೀವರೆಗೂ ವಿಮಾನ ನನ್ನ ಕೈಲಿದೆ."

ಡಾಕ್ಟರು ಸೀಟಿನ ಬೆಲ್ಟ್ ಬಿಗಿ ಮಾಡಿಕೊಂಡರು.

ಮೂರೂ ಮುಕ್ಕಾಲಿನ ಸುದ್ದಿ ಡಾಕ್ಟರ ಬಾಯಿಂದ ಸಾಲಿನಿಂದ ಸಾಲಿಗೆ ಹಬ್ಬಿತು. ಮೂರು ಐವತ್ತಕ್ಕೆ ಮೈಕಿನಲ್ಲಿ ಪೈಲಟ್, ಗಾಳಿ ತಿರುಗಿದೆ, ಹೊರಡುತ್ತಿದ್ದೇವೆ ಎಂದಾಗ ಇಡೀ ವಿಮಾನ ನನ್ನತ್ತ ನೋಡಿತು. ಕೇಳದೆಯೇ ನನಗೆ ಇನ್ನೊಂದು ಕಪ್ ಚಹಾ ಬಂತು.

ಇವರು ಹೇಳಿದ್ದು ಗಾಳಿಯ ವಿಷಯದಲ್ಲಿ ಸರಿಹೋಯಿತು, ರಸ್ತೆಯ ವಿಷಯದಲ್ಲಿ ತಪ್ಪಿತು. ರಸ್ತೆಯಲ್ಲಿ ಕಾರು ಓಡಿಸಿ ಇವರಿಗೆಲ್ಲಿ ಗೊತ್ತು? ಅಕ್ಕನ ಮಗ ಹಾರ್ನ್ ಹೊಡೆದು ಹೊಡೆದು ಮನೆ ಮುಟ್ಟಿಸಿದಾಗ ಐದೂ ಮೂವತ್ತೈದು. ಆಸ್ಪತ್ರೆಗೆ ಹೋಗಲು ಹತ್ತು ನಿಮಿಷದ ದಾರಿ.

ಅಕ್ಕ ಚೀಲ ಕಟ್ಟಿಕೊಂಡು ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ತುಂಬ ಸಣ್ಣಗಾಗಿಹೋಗಿದ್ದಳು. ನನ್ನ ಸದ್ದು ಕೇಳಿ, "ಒಬ್ಬಳೇ ಬಂದ್ಯಾ?" ಎಂದಳು.

"ಇಲ್ಲಕ್ಕ, ಅವ್ರೂ ಬಂದ್ರು," ಎಂದೆ. ಹೇಳಿದ ಮೇಲೆ ಅದು ತಮಾಷೆಯಲ್ಲವೆಂದು ನನಗೇ ಗೊತ್ತಾಯಿತು.

"ಬಾ, ಬೆಳಕಿಗೆ ಬಾ."

ಅವಳ ಮುಂದೆ ಮಂಡಿಯೂರಿ ಕೂತೆ. ನನ್ನ ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸಿದಳು, ಆ ಕಡೆ, ಈ ಕಡೆ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಅವಳ ಮೂಗು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಬಂತು.

"ಹುಬ್ಬೆಲ್ಲ ಬೆಳ್ಳಗಾಗಿದೆ. ಕೆನ್ನೆ ಇಳಿದಿದೆ. ಮುದುಕಿ ಆಗಿದೀಯ," ಎಂದಳು.

"ನೀನೇನು ಹದಿನಾರರ ಹುಡುಗೀನಾ?"

ಅಕ್ಕ ನಗಲಿಲ್ಲ. ಹೆಬ್ಬೆರಳಿನಿಂದ ನನ್ನ ಹಣೆ ಸವರಿದಳು. "ಥೇಟ್ ಅಮ್ಮ ಕಣೇ. ಇಷ್ಟು ವರ್ಷ ಇರ್ಲಿಲ್ಲ, ಈಗ ಬಂದಿದೆ. ಅಮ್ಮ ಬದುಕಿದ್ದು ವಯಸ್ಸಾಗಿದ್ರೆ ಹೀಗೇ ಇರ್ತಿದ್ಲು."

ಅಮ್ಮ ಸತ್ತಾಗ ನನಗೆ ಹತ್ತು ತಿಂಗಳು. ಒಂದು ಫೋಟೋ ಕೂಡ ಇಲ್ಲ. ಆ ಮುಖ ಹೇಗಿತ್ತೆಂದು ಗೊತ್ತಿರುವುದು ಈ ಭೂಮಿಯ ಮೇಲೆ ಅಕ್ಕ ಒಬ್ಬಳಿಗೇ. ನನ್ನ ಕಣ್ಣು ತುಂಬಿ ಅವಳ ಮುಖ ಕಲಸಿಹೋಯಿತು, ಒರೆಸಿಕೊಳ್ಳಲು ಕೈ ಎತ್ತಿದೆ.

"ಅಳ್ಬೇಡ್ವೇ, ಮುಖ ಕೆಡತ್ತೆ," ಎಂದು ಅಕ್ಕ ಗದರಿದಳು.

ಬಾಗಿಲಲ್ಲಿ ಅವಳ ಮಗ ಕಾರಿನ ಕೀ ಅಲ್ಲಾಡಿಸಿದ. "ಅಮ್ಮಾ, ಹೊತ್ತಾಯ್ತು."

"ಇರೋ," ಎಂದಳು ಅಕ್ಕ, ನನ್ನ ಗಲ್ಲ ಬಿಡದೆ. "ಇನ್ನೂ ನೋಡಿ ಮುಗಿದಿಲ್ಲ."