ಗೋಡೆಗೊಂದು ಒಂಟೆಯ ಮೈ

ನಲವತ್ತು ವರ್ಷದಿಂದ ಗೋಡೆಗೆ ಗಾರೆ ಬಳಿಯುತ್ತಿದ್ದೇನೆ. ನಾನು ತಿಕ್ಕಿದ ಗೋಡೆಯಲ್ಲಿ ಮುಖ ನೋಡಿಕೊಂಡು ಮೀಸೆ ತಿರುವಬಹುದು. ಅದಕ್ಕೇ ಊರಿಗೆಲ್ಲ ನಾನು ಕನ್ನಡಿ ಮೇಸ್ತ್ರಿ. ಇಂಥ ಅಪ್ಪನಿಗೆ ಹುಟ್ಟಿದ ಮಗಳು, ಕಟ್ಟಡಗಳ ನಕ್ಷೆ ಬರೆಯುವವಳು, ತನ್ನ ಮೊದಲ ಕಟ್ಟಡದ ಗೋಡೆಯನ್ನೇ ಒರಟಾಗಿ ಬಿಡು ಅಂದಳು.

ಅದು ಆಸ್ಪತ್ರೆಯ ಮಕ್ಕಳ ವಾರ್ಡು. ಅವಳು ಕಾರಣ ಹೇಳಿದಳು: ಮರಳುಗಾಡಿನ ಒಂಟೆಯ ಬೆನ್ನಿನ ಉಣ್ಣೆ ಬಿಸಿಲು ಮೈಗೆ ತಾಗದಂತೆ ತಡೆಯುತ್ತದಂತೆ. ಬೋಳಿಸಿದರೆ ಪಾಪ, ಇನ್ನೂ ಹೆಚ್ಚು ಬೆವರುತ್ತದಂತೆ. ಹಾಗೆಯೇ ಗೋಡೆಗೂ ನಾರು ಬೆರೆಸಿದ ಮಣ್ಣಿನ ದಪ್ಪ ಕಂಬಳಿ ಹೊದಿಸಬೇಕು, ಮೇಲೆಲ್ಲ ಉಬ್ಬುತಗ್ಗು ಇರಬೇಕು, ಒಂದರ ನೆರಳು ಇನ್ನೊಂದರ ಮೇಲೆ ಬೀಳಬೇಕು. ಎ.ಸಿ. ಇಲ್ಲದೆಯೇ ಮಕ್ಕಳು ಮಲಗಬೇಕು. ಅಪ್ಪನಿಗೇ ಪಾಠ ಹೇಳಲು ಬಂದಳು ಎಂದು ಗೊಣಗಿಕೊಂಡೇ ಒಪ್ಪಿದೆ.

ಒಪ್ಪಿದ್ದು ಬಾಯಿ, ಕೈಯಲ್ಲ. ಮೊದಲ ದಿನ ಅವಳು ಊಟ ಮಾಡಿ ಬರುವಷ್ಟರಲ್ಲಿ ಅರ್ಧ ಗೋಡೆ ನುಣ್ಣಗೆ ಹೊಳೆಯುತ್ತಿತ್ತು. ನನಗೇ ಗೊತ್ತಾಗಿರಲಿಲ್ಲ.

"ಒಂಟೆ ಬೋಳಿಸಿಬಿಟ್ಟೆಯಲ್ಲಪ್ಪ" ಅಂದಳು.

ನಾಚಿಕೆಯಾಯಿತು. ಗಾರೆ ತಿಕ್ಕುವ ಕರಣಿಯನ್ನು ಅವಳ ಚೀಲಕ್ಕೆ ಹಾಕಿ, ಹೊಸಬರ ಹಾಗೆ ಬರಿಗೈಯಲ್ಲಿ ಮಣ್ಣು ಎರಚಿದೆ.

ಗೋಡೆ ಒಣಗಿದ ಮೇಲೆ ಒಂದು ಮಟಮಟ ಮಧ್ಯಾಹ್ನ ಒಳಗೆ ಹೋಗಿ ನಿಂತೆ. ಪಕ್ಕದ ಹಳೇ ವಾರ್ಡಿನ ಗೋಡೆಯೂ ನನ್ನದೇ, ಕನ್ನಡಿಯಂಥದ್ದು. ಅಲ್ಲಿ ತಾಯಂದಿರು ಕೂಸುಗಳ ಮೈಗೆ ಒದ್ದೆ ಬಟ್ಟೆ ಒತ್ತುತ್ತಿದ್ದರು. ಇಲ್ಲಿ ತಣ್ಣಗಿತ್ತು. ಸಂತೋಷಕ್ಕಿಂತ ಮೊದಲು ನನ್ನ ಮೇಲೆ ನನಗೇ ಸಿಟ್ಟು ಬಂತು.

ತಪಾಸಣೆಗೆ ಬಂದ ಇಂಜಿನಿಯರು ಗೋಡೆ ನೋಡಿ ಮೂಗು ಮುರಿದರು. ಮಗಳು ಒಂಟೆಯ ವಿಷಯ ತೆಗೆದರೆ, ನಾವು ಕಟ್ಟುತ್ತಿರುವುದು ಆಸ್ಪತ್ರೆ ಕಣಮ್ಮ, ಮೃಗಾಲಯವಲ್ಲ ಎಂದರು. ಗೋಡೆ ನುಣುಪಾಗದಿದ್ದರೆ ಉಳಿದ ಮೂರು ವಾರ್ಡುಗಳ ಕೆಲಸ ಅವಳಿಗಿಲ್ಲ ಎಂದೂ ಹೇಳಿದರು. ಅವಳ ಮುಖ ಸಪ್ಪಗಾಯಿತು. ಆಮೇಲೆ ನನ್ನ ಕಡೆ ತಿರುಗಿದರು.

"ಇದು ಹೀಗೇ ಇದ್ರೆ ನಿಮ್ಮ ಹೆಸರೇನಾಗುತ್ತೆ ಮೇಸ್ತ್ರಿ?"

"ಆ ಹೆಸರು ಇಟ್ಕೊಂಡು ನಲವತ್ತು ವರ್ಷ ಜನಾನ ಬೇಯಿಸಿದ್ದೀನಿ ಸಾರ್. ಹೋದ್ರೆ ಹೋಗ್ಲಿ. ಈ ಗೋಡೆ ನಾನು ಮುಟ್ಟಲ್ಲ, ಮುಟ್ಟೋಕೂ ಬಿಡಲ್ಲ."

ನೀನಿಲ್ಲದಿದ್ದರೆ ಇನ್ನೊಬ್ಬ ಎನ್ನುವಂತೆ ಅವರು ಅಲ್ಲೇ, ನನಗೂ ಕೇಳುವಂತೆ, ಬೇರೆ ಮೇಸ್ತ್ರಿಗೆ ಫೋನು ಮಾಡಿದರು. ಅವನು ನನ್ನ ಹತ್ತಿರವೇ ಕೆಲಸ ಕಲಿತವನು. ಯಾರು ಮಾಡಿದ ಗೋಡೆ ಎಂದು ಕೇಳಿದ, ನನ್ನದೆಂದು ಗೊತ್ತಾದದ್ದೇ ಫೋನು ಅವರ ಕೈಗೆ ಕೊಡಿ ಎಂದ. ಇಂಜಿನಿಯರು ಫೋನು ನನ್ನತ್ತ ಚಾಚಿದರು.

"ಗುರುಗಳೇ, ಬರ್ಲಾ ಬೇಡ್ವಾ?"

"ಬಾ. ಕರಣಿ ಮನೇಲಿಟ್ಟು ಬಾ. ಬರಿಗೈಯಲ್ಲಿ ಎರಚೋದು ಕಲಿಸ್ತೀನಿ, ಇನ್ನೂ ಮೂರು ವಾರ್ಡು ಬಾಕಿ ಇದೆ" ಎಂದೆ, ಇಂಜಿನಿಯರರ ಮುಖವನ್ನೇ ನೋಡುತ್ತ.